ಗುಟ್ಟು ಯಾರ ಸೊತ್ತು?

ಕಂಪನಿ ಸರಕಾರ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಮರುವರ್ಷ, 1832ರಲ್ಲಿ, ಅಮೆರಿಕದ ನ್ಯೂ ಹೇವನ್ ಪಟ್ಟಣದ ಯೇಲ್ ಕಾಲೇಜಿನಲ್ಲಿ ವಿಲಿಯಂ ಹಂಟಿಂಗ್ಟನ್ ರಸೆಲ್ ಮತ್ತು ಅಲ್ಫೋನ್ಸೊ ಟಾಫ್ಟ್ ಎಂಬ ವಿದ್ಯಾರ್ಥಿಗಳು ಕೆಲವು ಸಹಪಾಠಿಗಳನ್ನು ಕೂಡಿಸಿಕೊಂಡು ‘ಸ್ಕಲ್ ಆ್ಯಂಡ್ ಬೋನ್ಸ್’ ಎಂಬ ಗುಟ್ಟಿನ ಸಂಘ ಕಟ್ಟಿದರು. ಮಲಪ್ರಭೆಯ ದಡದಲ್ಲಿ ನಡೆದದ್ದು ಅವರಿಗೆ ಗೊತ್ತಿರಲಿಲ್ಲ, ಅವರ ಸಂಘದ ಸುದ್ದಿ ಕಿತ್ತೂರು ನಾಡಿಗೆ ಮುಟ್ಟುವ ಮಾತೂ ಇರಲಿಲ್ಲ. ಆದರೆ ಕಾಡಿನಲ್ಲಿ ರಾತ್ರಿ ಹೊತ್ತು ಸೇರುತ್ತಿದ್ದ ರಾಯಣ್ಣನ ದಂಡು, ಕಲ್ಲಿನ ಕಟ್ಟಡದೊಳಗೆ ಕದವಿಕ್ಕಿಕೊಂಡು ಸೇರುವ ಯೇಲ್‌ನ ಹುಡುಗರು, ಇಬ್ಬರ ಬಾಳೂ ಗುಟ್ಟಿನ ಮೇಲೆಯೇ ನಿಂತಿತ್ತು. ಇಬ್ಬರೂ ಮುಂದೆ ಸಿನಿಮಾ ಆದರು. ಯೇಲ್‌ನ ಸಂಘದ ನೆರಳು ‘ದಿ ಸ್ಕಲ್ಸ್’ ಹೆಸರಿನಲ್ಲಿ 2000ದಲ್ಲಿ ತೆರೆಗೆ ಬಂತು, ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ 2012ರಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ಎಂಬುದು ಎಲ್ಲರ ಕೈಯಲ್ಲಿ ಒಂದೇ ಕೆಲಸ ಮಾಡುವುದಿಲ್ಲವೆಂದು ತಿಳಿಯುತ್ತದೆ. ಇಲ್ಲದವರಿಗೆ ಅದು ಹತಾರ, ಉಳ್ಳವರಿಗೆ ಒಡವೆ. ಒಡವೆಯನ್ನೇ ಹತಾರವೆಂದು ತೋರಿಸಿದಾಗ ಹುಟ್ಟುವುದು ‘ದಿ ಸ್ಕಲ್ಸ್’ ತರಹದ ಥ್ರಿಲ್ಲರ್.

ಮೊದಲು ಆ ಚಿತ್ರದ ಕಥೆ. ಲ್ಯೂಕ್ ಮ್ಯಾಕ್‌ನಮಾರಾ ಪ್ರತಿಷ್ಠಿತ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಬಡ ಹುಡುಗ. ದೋಣಿ ಸ್ಪರ್ಧೆಯಲ್ಲಿ ಗಟ್ಟಿಗ, ಕಾನೂನು ಓದುವ ಆಸೆ, ಕೈಯಲ್ಲಿ ದುಡ್ಡಿಲ್ಲ. ಅಂಥವನಿಗೆ ‘ಸ್ಕಲ್ಸ್’ ಸಂಘದಿಂದ ಕರೆ ಬರುತ್ತದೆ. ಸೇರಿದ್ದೇ ತಡ, ಬ್ಯಾಂಕಿನ ಖಾತೆ ತುಂಬುತ್ತದೆ, ಹೊಸ ಕಾರು ಬಂದು ನಿಲ್ಲುತ್ತದೆ. ಸಂಘದ ಒಳಗುಟ್ಟು ಕೆದಕಲು ಹೋದ ಅವನ ಗೆಳೆಯ, ವಿದ್ಯಾರ್ಥಿ ಪತ್ರಕರ್ತ, ಹೆಣವಾಗಿ ಸಿಗುತ್ತಾನೆ. ಆತ್ಮಹತ್ಯೆ ಎನ್ನುತ್ತಾರೆ ಎಲ್ಲರೂ, ಲ್ಯೂಕ್ ನಂಬುವುದಿಲ್ಲ. ಸಂಘದ ಹಿರಿಯರಲ್ಲಿ ನ್ಯಾಯಾಧೀಶರಿದ್ದಾರೆ, ಸೆನೆಟರ್ ಇದ್ದಾರೆ. ಪೊಲೀಸರೂ ಆಸ್ಪತ್ರೆಯೂ ಅವರು ಹೇಳಿದಂತೆ ನಡೆಯುತ್ತವೆ. ನಿರ್ದೇಶಕ ರಾಬ್ ಕೋಹೆನ್ ಹಾರ್ವರ್ಡ್‌ನಲ್ಲಿ ಓದಿದವರು, ಚಿತ್ರಕಥೆಗಾರ ಜಾನ್ ಪೋಗ್ ಯೇಲ್‌ನಲ್ಲಿ ಓದಿದವರು. ಅಂದರೆ ಹೊರಗಿನವನ ದಿಗಿಲನ್ನು ಬರೆದವರೂ ಚಿತ್ರಿಸಿದವರೂ ಒಳಗಿನ ಅಂಗಳ ಕಂಡವರೇ. ಕೊನೆಗೆ ಲ್ಯೂಕ್ ಗೆಲ್ಲುವ ರೀತಿಯನ್ನೂ ಗಮನಿಸಬೇಕು. ಕೋರ್ಟು, ಪತ್ರಿಕೆ, ಊರಿನ ಜನ ಯಾರೂ ಅವನ ನೆರವಿಗೆ ಬರುವುದಿಲ್ಲ. ಸಂಘದ್ದೇ ನಿಯಮದ ಪುಸ್ತಕದಲ್ಲಿದ್ದ ಹಳೆಯ ದ್ವಂದ್ವಯುದ್ಧದ ವಿಧಿಯನ್ನು ಅವನು ಸಂಘದ ಮೇಲೆಯೇ ತಿರುಗಿಸುತ್ತಾನೆ. ಕೆಟ್ಟ ಹಿರಿಯ ಬೀಳುತ್ತಾನೆ, ಸಂಘ ಉಳಿಯುತ್ತದೆ. ವಿಮರ್ಶಕರು ಚಿತ್ರವನ್ನು ಮೆಚ್ಚಲಿಲ್ಲ. ಆದರೂ ಅದು ಓಡಿತು, 2002 ಮತ್ತು 2004ರಲ್ಲಿ ಮುಂದಿನ ಭಾಗಗಳೂ ಬಂದವು.

ಈ ಕಲ್ಪನೆಯ ಬೇರು ಹಿಡಿದು ಹಿಂದಕ್ಕೆ ಹೋದರೆ ದಾರಿ ನಮ್ಮ ಕಡೆಗೇ ತಿರುಗುತ್ತದೆ. ಯೇಲ್ ಎಂಬ ಹೆಸರು ಎಲಿಹು ಯೇಲ್‌ನದು. 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಪತಿಯಾಗಿದ್ದವನು ಆತ. ಕಂಪನಿಯ ಕೆಲಸದ ಜೊತೆಗೆ ಸ್ವಂತದ ವ್ಯಾಪಾರವನ್ನೂ ಬೆಳೆಸಿಕೊಂಡ ಎಂಬ ಆರೋಪದ ನಡುವೆ ಹುದ್ದೆ ಕಳೆದುಕೊಂಡ. 1718ರಲ್ಲಿ ಅವನು ಕಳಿಸಿಕೊಟ್ಟ ಒಂಬತ್ತು ಗಂಟು ಸರಕು, 417 ಪುಸ್ತಕ ಮತ್ತು ದೊರೆ ಒಂದನೆಯ ಜಾರ್ಜ್‌ನ ಚಿತ್ರಪಟಕ್ಕೆ ಪ್ರತಿಯಾಗಿ ಆ ಕಾಲೇಜು ಅವನ ಹೆಸರು ಇಟ್ಟುಕೊಂಡಿತು. ಅದೇ ಕಂಪನಿ 106 ವರ್ಷಗಳ ನಂತರ ಕಿತ್ತೂರು ಸಂಸ್ಥಾನದ ದತ್ತಕವನ್ನು ಒಪ್ಪದೆ ಅಲ್ಲಿಗೆ ಬಂದು ನಿಂತಿತು. ಹಾಗೆಂದು ಕಿತ್ತೂರಿನ ಖಜಾನೆಯ ಹಣ ಯೇಲ್‌ಗೆ ಹೋಯಿತೆಂದು ಕಥೆ ಕಟ್ಟುವುದು ತಪ್ಪು. ಕಾಲವೂ ಕೂಡುವುದಿಲ್ಲ, ಲೆಕ್ಕವೂ ಕೂಡುವುದಿಲ್ಲ. ಹೇಳಬೇಕಾದದ್ದು ಇಷ್ಟು: ದೊಡ್ಡ ವಿದ್ಯಾಸಂಸ್ಥೆಗಳ ಹೆಸರು, ಹಣ, ಹಿರಿಮೆ ಎಲ್ಲಿಂದ ಬಂತೆಂಬುದು ಯಾವತ್ತೂ ಬಚ್ಚಿಟ್ಟ ಸಂಗತಿಯಾಗಿರಲಿಲ್ಲ. ಅದು ಬಾಗಿಲ ಮೇಲೆಯೇ ಬರೆದಿತ್ತು.

‘ಸ್ಕಲ್ ಆ್ಯಂಡ್ ಬೋನ್ಸ್’ ಹುಟ್ಟಿದ ಹೊತ್ತನ್ನು ನೋಡಿದರೂ ಇದೇ ಕಾಣುತ್ತದೆ. ಫ್ರೀಮೇಸನ್ನರ ಗುಟ್ಟುಗಳನ್ನು ಬಯಲು ಮಾಡುವುದಾಗಿ ಹೇಳಿದ್ದ ವಿಲಿಯಂ ಮಾರ್ಗನ್ 1826ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಾಣೆಯಾದ ಮೇಲೆ ಅಮೆರಿಕದಾದ್ಯಂತ ಗುಟ್ಟಿನ ಸಂಘಗಳ ವಿರುದ್ಧ ಗಾಳಿ ಎದ್ದಿತ್ತು. ವಿದ್ಯಾರ್ಥಿಗಳ ‘ಫೈ ಬೀಟಾ ಕಾಪಾ’ ಸಂಘ ತನ್ನ ಗೋಪ್ಯವನ್ನು ಬಿಟ್ಟುಕೊಟ್ಟಿತು. ಎಲ್ಲರೂ ಬಿಡುತ್ತಿರುವಾಗ ರಸೆಲ್ ಗುಂಪು ಅದನ್ನೇ ಹುಡುಕಿ ತೊಟ್ಟುಕೊಂಡಿತು. 1856ರಲ್ಲಿ ‘ರಸೆಲ್ ಟ್ರಸ್ಟ್’ ಹೆಸರಿನಲ್ಲಿ ಸಂಘ ಕಾನೂನು ಪ್ರಕಾರ ನೋಂದಣಿಯಾಯಿತು, ಜನ ಇಂದಿಗೂ ‘ಗೋರಿ’ ಎಂದು ಕರೆಯುವ ಕಟ್ಟಡವೂ ಆ ಸುಮಾರಿಗೇ ಎದ್ದಿತು. ಊರ ನಡುವೆ, ಹಾದಿಹೋಕರ ಕಣ್ಣಿಗೆ ಬೀಳುವಂತೆ ಕಟ್ಟಿದ ಗುಟ್ಟಿನ ಮನೆ ಅದು. ವರ್ಷಕ್ಕೆ ಹದಿನೈದು ಮಂದಿಯ ಆಯ್ಕೆ. ಆಯ್ಕೆಯಾದವರ ಹೆಸರು ಬಹುಕಾಲ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಗುಟ್ಟಾಗಿ ಉಳಿದದ್ದು ಒಳಗಿನ ವಿಧಿಗಳು ಮಾತ್ರ. ಅಡಗಿಕೊಳ್ಳಬೇಕೆನ್ನುವವನು ಚೌಕದಲ್ಲಿ ಮನೆ ಕಟ್ಟುವುದಿಲ್ಲ, ಪತ್ರಿಕೆಯಲ್ಲಿ ಹೆಸರು ಕೊಡುವುದಿಲ್ಲ. ‘ನಮ್ಮಲ್ಲೊಂದು ಗುಟ್ಟಿದೆ’ ಎಂದು ಊರಿಗೆಲ್ಲ ಗೊತ್ತಾಗುವುದೇ ಅಲ್ಲಿ ಮುಖ್ಯವಾಗಿತ್ತು. ಕೊರಳಿನ ಸರ ಸೆರಗಿನಡಿ ಇದ್ದರೂ ಅದರ ಹೊಳಪು ಒಂದಿಷ್ಟು ಕಾಣಲೇಬೇಕಲ್ಲ, ಹಾಗೆ.

ಹೊಳಪು ಭಯವಾಗಿ ಬೆಳೆಯಲು ಸಮಯ ಹಿಡಿಯಿತು. ಓವನ್ ಜಾನ್ಸನ್‌ನ ‘ಸ್ಟೋವರ್ ಅಟ್ ಯೇಲ್’ ಕಾದಂಬರಿ 1912ರಲ್ಲಿ ಈ ಸಂಘಗಳನ್ನು ಟೀಕಿಸಿತು; ಅದರ ದೂರು ಕೊಲೆಯ ಬಗ್ಗೆ ಇರಲಿಲ್ಲ, ಹುಡುಗರ ಸ್ವಂತ ಬುದ್ಧಿಯನ್ನು ಕೊಲ್ಲುವ ಅಂತಸ್ತಿನ ಹಂಬಲದ ಬಗ್ಗೆ ಇತ್ತು. 1977ರಲ್ಲಿ ರಾನ್ ರೋಸೆನ್‌ಬಾಮ್ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಬರೆದ ಲೇಖನ ಗೋರಿಯನ್ನು ದೇಶದ ಮಾತಾಗಿಸಿತು. ಸ್ಥಾಪಕ ಟಾಫ್ಟ್‌ನ ಮಗ ವಿಲಿಯಂ ಹೊವರ್ಡ್ ಟಾಫ್ಟ್ ಆಗಲೇ ಅಧ್ಯಕ್ಷನಾಗಿ ಹೋಗಿದ್ದ. 1988ರಲ್ಲಿ ಸಂಘದವನೇ ಆದ ಹಿರಿಯ ಬುಷ್ ಅಧ್ಯಕ್ಷ ಚುನಾವಣೆ ಗೆದ್ದ. 2000ದಲ್ಲಿ, ಈ ಚಿತ್ರ ಬಂದ ವರ್ಷವೇ, ಕಿರಿಯ ಬುಷ್ ಚುನಾವಣೆಗೆ ನಿಂತ. ತಾನು ಆ ಸಂಘದವನೆಂದೂ ಅದರ ಬಗ್ಗೆ ಹೆಚ್ಚು ಹೇಳಲಾರೆನೆಂದೂ ಆತ ತನ್ನ ಆತ್ಮಕಥೆಯಲ್ಲಿ ನಗುನಗುತ್ತ ಬರೆದುಕೊಂಡಿದ್ದ. 2004ರಲ್ಲಂತೂ ಅವನೂ ಎದುರಾಳಿ ಜಾನ್ ಕೆರಿಯೂ ಒಂದೇ ಸಂಘದವರು. ಸಂಶಯ ಪಡುವವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎನಿಸುವುದು ಸಹಜ. ಆದರೆ ಸಂಘ ಅಧ್ಯಕ್ಷರನ್ನು ಮಾಡಿತೋ, ಅಧ್ಯಕ್ಷರಾಗುವ ಮನೆತನದವರನ್ನೇ ಸಂಘ ಆರಿಸಿಕೊಂಡಿತೋ? ಮುಂದೆ ಸೆನೆಟರನಾಗಲಿದ್ದ ಉಳ್ಳವನ ಮಗನಾಗಿ ಹುಟ್ಟಿ, ಹೆಸರಾಂತ ಶಾಲೆ ಮುಗಿಸಿ ಯೇಲ್‌ಗೆ ಬಂದ ಹಿರಿಯ ಬುಷ್‌ಗೆ ತಲೆಬುರುಡೆಯ ಮುಂದೆ ಆಣೆಯಿಟ್ಟು ಪಡೆಯಬೇಕಾದ ಅಧಿಕಾರ ಉಳಿದಿರಲಿಲ್ಲ. ಆ ದಾರಿ ತೊಟ್ಟಿಲಲ್ಲೇ ತೆರೆದಿತ್ತು.

ಈಗ ಇತ್ತ ಬರೋಣ. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡ ಮೇಲೆ ರಾಯಣ್ಣನ ಬಳಿ ಇದ್ದದ್ದೇನು? ಅವನು ಸಂಗೊಳ್ಳಿಯ ಶೇತಸನದಿ, ಎಂದರೆ ಊರ ಕಾವಲಿಗೆ ಹೊಲ ಪಡೆದವನು. ಆ ಹೊಲಕ್ಕೂ ಕಂಪನಿ ಕೈಹಾಕಿತ್ತು, ಕಂದಾಯ ಏರಿತ್ತು. ಕೋಟೆ ಹೋಗಿತ್ತು, ತೋಪು ಹೋಗಿತ್ತು. ಉಳಿದದ್ದು ಕಾಡಿನ ಕಾಲುದಾರಿಗಳ ಅರಿವು, ನಂಬಿದ ಜನ ಮತ್ತು ಗುಟ್ಟು. 1830ರ ಆರಂಭದ ತಿಂಗಳುಗಳಲ್ಲಿ ಬೀಡಿ, ನಂದಗಡ, ಖಾನಾಪುರ, ಸಂಪಗಾಂವಿಗಳ ಕಡೆ ಅವನ ದಂಡು ಎರಗಿತು; ಕಚೇರಿಗಳಿಗೆ, ಅವುಗಳಲ್ಲಿದ್ದ ದಫ್ತರಗಳಿಗೆ ಬೆಂಕಿ ಬಿತ್ತು. ದಫ್ತರ ಸುಟ್ಟದ್ದರಲ್ಲಿ ಅರ್ಥವಿದೆ. ಹೊಲ ಯಾರದು, ಬಾಕಿ ಎಷ್ಟು ಎಂಬುದು ಆ ಕಾಗದಗಳಲ್ಲೇ ಇತ್ತು. ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೇರಿಸುವುದು ಅವರ ಗುರಿಯಾಗಿತ್ತು. ಇಷ್ಟೆಲ್ಲ ನಡೆದದ್ದು ಎಲ್ಲಿ ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದು ಕಂಪನಿಗೆ ತಿಳಿಯದಷ್ಟು ದಿನ ಮಾತ್ರ. ಏಪ್ರಿಲ್‌ನಲ್ಲಿ ತಮ್ಮವರೇ ಸುಳಿವು ಕೊಟ್ಟರು, ರಾಯಣ್ಣ ಸಿಕ್ಕಿಬಿದ್ದ. ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದಾಗ ಹಿಡಿದರೆಂಬುದು ಈ ಸೀಮೆಯ ನೆನಪು. ಯೇಲ್‌ನ ಸಂಘದ ಗುಟ್ಟು ಲೇಖನವಾಗಿ, ಸಿನಿಮಾವಾಗಿ ಬಯಲಾದಾಗ ಅದರ ಸದಸ್ಯರ ಕೂದಲೂ ಕೊಂಕಲಿಲ್ಲ. ರಾಯಣ್ಣನ ಗುಟ್ಟು ಒಡೆದಾಗ ಕೊರಳಿಗೆ ಹಗ್ಗ ಬಿತ್ತು. ಯಾವುದು ಒಡವೆ, ಯಾವುದು ಹತಾರ ಎನ್ನುವುದನ್ನು ಅಳೆಯಲು ಇದಕ್ಕಿಂತ ನೇರವಾದ ಕೋಲು ಸಿಗಲಾರದು.

ಹತಾರದ ಕೆಲಸ ಮುಗಿದ ಮೇಲೆ ಈ ನಾಡು ಆ ಗುಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಕಾಯಲಿಲ್ಲ, ಹಾಡಿತು. ಲಾವಣಿಕಾರರು ರಾಯಣ್ಣನ ದಂಗೆಯನ್ನು ಊರೂರಿಗೆ ಒಯ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜೆ.ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಪ್ರಕಟಿಸಿದಾಗ ರಾಯಣ್ಣನ ಲಾವಣಿಯೂ ಅವುಗಳಲ್ಲಿತ್ತು. ಅದೇ ಸಂಗ್ರಹದಲ್ಲಿ ಬೈಲಹೊಂಗಲದ ಸಂಗ್ಯಾನ ಲಾವಣಿಯೂ ಇದೆ. ಜೀವದ ಗೆಳೆಯರು, ಕದ್ದ ಪ್ರೀತಿ, ಹಣಕ್ಕೆ ಮಾರಿಹೋದ ಗೆಳೆತನ, ಸಂಚು, ಕೊಲೆ: ಥ್ರಿಲ್ಲರಿಗೆ ಬೇಕಾದದ್ದೆಲ್ಲ ಅಲ್ಲಿದೆ. ಅದು ಸಣ್ಣಾಟವಾಗಿ ರಾತ್ರಿಯಿಡೀ ಆಡಿದಾಗ ನೋಡುವವರಿಗೆ ಮುಗಿವು ಮೊದಲೇ ಗೊತ್ತು. ಗೊತ್ತಿದ್ದೂ ಕೂಡುತ್ತಾರೆ. ಹಾಲಿವುಡ್ಡಿನ ಕಟ್ಟಡ ಗುಟ್ಟು ಕಾಯುವುದರ ಮೇಲೆ ನಿಂತಿದ್ದರೆ ಸಣ್ಣಾಟದ್ದು ಗುಟ್ಟು ಎಲ್ಲರಿಗೂ ತಿಳಿದಿರುವುದರ ಮೇಲೆ ನಿಂತಿದೆ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961) ಮತ್ತು ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಈ ದಾರಿಯವೇ. ಬಿ. ಸರೋಜಾದೇವಿಯ ಚೆನ್ನಮ್ಮ ಸೋಲುತ್ತಾಳೆ, ದರ್ಶನ್‌ರ ರಾಯಣ್ಣ ಗಲ್ಲಿಗೇರುತ್ತಾನೆ ಎಂದು ಟಿಕೆಟ್ ತೆಗೆಯುವಾಗಲೇ ಗೊತ್ತಿರುತ್ತದೆ.

ಹಾಗಾದರೆ ನಮ್ಮ ಕಾಲೇಜುಗಳೊಳಗೆ ಗುಟ್ಟಿನ ಸಂಘದ ಕಥೆ ಏಕೆ ಹುಟ್ಟಲಿಲ್ಲ? ಉತ್ತರ ಸವದತ್ತಿ ತಾಲ್ಲೂಕಿನ ಶಿರಸಂಗಿಯಲ್ಲಿದೆ. 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. 1916ರಲ್ಲಿ ಏಳು ಮಂದಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದರು, 1933ರಲ್ಲಿ ಅದರ ಕಾಲೇಜು ಲಿಂಗರಾಜರ ಹೆಸರು ಪಡೆಯಿತು. ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂದದ್ದು 1950ರಲ್ಲಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸೈನಿಕ ಶಾಲೆ 1969ರಲ್ಲಿ ತೆರೆಯಿತು. ಯೇಲ್‌ನ ಗೋರಿಯ ಸಂಘಕ್ಕೆ ಹೆಣ್ಣುಮಕ್ಕಳು ಸೇರಲು 1990ರ ದಶಕ ಬರಬೇಕಾಯಿತು, ಅದೂ ಹಳೆಯ ಸದಸ್ಯರ ಜಗಳದ ನಂತರ. ಇಲ್ಲಿ ವಿದ್ಯೆಗೆ ದಾನ ಕೊಟ್ಟವರ ಹೆಸರನ್ನು ಗೋಡೆಯ ಕಲ್ಲಿನಲ್ಲಿ ಕೆತ್ತಿಸುತ್ತಾರೆ, ಬೋರ್ಡಿಂಗಿನ ಹುಡುಗರು ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಕನ್ನಡದ ಕಾಲೇಜು ಸಿನಿಮಾ ಕೂಡ ಈ ಬಯಲ ಬದುಕಿನದೇ ಮಗು. ‘ಕಿರಿಕ್ ಪಾರ್ಟಿ’ಯ ಗ್ಯಾಂಗು ಏನು ಮಾಡಿದರೂ ಇಡೀ ಕಾಲೇಜಿಗೆ ಕೇಳಿಸುವಂತೆ ಮಾಡುತ್ತದೆ. 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ಯಲ್ಲಿ ವಾರ್ಡನ್‌ನ ಹೆಣವನ್ನೇ ಬಚ್ಚಿಡಲು ಹೊರಟ ಹುಡುಗರಿಗೆ ಒಂದು ರಾತ್ರಿಯ ಗುಟ್ಟನ್ನೂ ನೆಟ್ಟಗೆ ಕಾಯಲಾಗುವುದಿಲ್ಲ.

ಇಲ್ಲಿ ಎರಡು ಆಕ್ಷೇಪ ಬರುತ್ತವೆ, ಎರಡೂ ತೂಕದವು. ಮೊದಲನೆಯದು: ಬಯಲಲ್ಲಿ ಇದ್ದದ್ದೆಲ್ಲ ಚೊಕ್ಕವೇ? ಅಲ್ಲ. ಶಿರಸಂಗಿಯ ದಾನವೇ ಒಂದು ಸಮುದಾಯದ ಮಕ್ಕಳನ್ನು ಮುಂದಿಟ್ಟುಕೊಂಡು ಬರೆದದ್ದು. ಜಾತಿ, ಮನೆತನ, ಆಡಳಿತ ಮಂಡಳಿ, ಸಹಕಾರಿ ಬ್ಯಾಂಕು ಇವುಗಳ ನಂಟು ಯಾವ ಗೋರಿಗಿಂತ ಕಡಿಮೆ ಬಲದ್ದಲ್ಲ, ಮುಖವಾಡ ಮಾತ್ರ ಇಲ್ಲ. ಒಪ್ಪಬೇಕಾದ ಮಾತು. ಆದರೆ ಇದು ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ: ಅಧಿಕಾರಕ್ಕೆ ಗುಟ್ಟು ಬೇಕಿಲ್ಲ ಎಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಬರೆದಿಟ್ಟ ಕಾಗದಕ್ಕೆ ಒಂದು ಗುಣವೂ ಇದೆ. ಯಾರಿಗೆ ಕೊಟ್ಟರು, ಯಾರನ್ನು ಬಿಟ್ಟರು ಎಂದು ಅದನ್ನು ಹಿಡಿದು ಕೇಳಬಹುದು. ಎರಡನೆಯ ಆಕ್ಷೇಪ ಗಾಂಧೀಜಿಯದು. ಗುಟ್ಟಿನ ಹೋರಾಟ ಒಳ್ಳೆಯವರ ಕೈಯಲ್ಲೂ ಕೆಡುತ್ತದೆಂದು ನಂಬಿದ ಅವರು, 1942ರ ಚಳವಳಿಯಲ್ಲಿ ಭೂಗತರಾದವರಿಗೆ ಮುಂದೆ ಹೊರಬರಲು ಹೇಳಿದರು. ಆದರೆ ಬಯಲಲ್ಲಿ ನಡೆದದ್ದೂ ಕೈಮೀರಬಹುದು: ರಾಮದುರ್ಗ ಸಂಸ್ಥಾನದಲ್ಲಿ ಪ್ರಜಾಸಂಘ ಬೇಡಿಕೆಗಳನ್ನು ಬಹಿರಂಗವಾಗಿಯೇ ಇಟ್ಟಿತ್ತು, ಆದರೂ 1939ರ ಏಪ್ರಿಲ್‌ನಲ್ಲಿ ನಾಯಕರ ಬಂಧನದಿಂದ ಕೆರಳಿದ ಜನ ಸೆರೆಮನೆಗೆ ನುಗ್ಗಿದರು, ಪೊಲೀಸರ ಜೀವ ಹೋಯಿತು. ಗುಟ್ಟು ಹತಾರ ಎಂದರೆ ಅದು ಪವಿತ್ರ ಎಂದಲ್ಲ. ಕೊಯ್ಯುವ ಗುಣ ಎಲ್ಲ ಹತಾರಕ್ಕೂ ಇದೆ. ಬೇರೆ ಏನೂ ಉಳಿಯದವರು ಅದನ್ನು ಹಿಡಿಯುತ್ತಾರೆ ಎಂಬುದಷ್ಟೇ ಇಲ್ಲಿನ ಮಾತು.

ಥ್ರಿಲ್ಲರ್ ಬರೀ ಮನರಂಜನೆ, ಅದರ ಮೇಲೆ ಇಷ್ಟು ಭಾರ ಹೇರಬೇಕೇ ಎಂದೂ ಕೇಳಬಹುದು. ಹೇರಬೇಕು, ಏಕೆಂದರೆ ಎಲ್ಲಿ ನೋಡಬೇಕೆಂಬುದನ್ನು ಸಿನಿಮಾ ಕಲಿಸುತ್ತದೆ. ‘ದಿ ಸ್ಕಲ್ಸ್’ ನೋಡಿದವನು ನೆಲಮಾಳಿಗೆಯ ಮೇಣದ ಬತ್ತಿಗಳನ್ನು ಹುಡುಕುತ್ತಾನೆ. ಸೀಟು, ಶುಲ್ಕ, ನೇಮಕಾತಿ, ಅಪ್ಪನ ಹೆಸರು ಇವೆಲ್ಲ ಹಗಲು ಬೆಳಕಿನಲ್ಲಿ ಮಾಡುವ ಕೆಲಸ ಅವನ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಸೀಮೆಯಿಂದ ಒಂದು ಕಾಲೇಜು ಥ್ರಿಲ್ಲರ್ ಹುಟ್ಟುವುದಾದರೆ ಅದರ ಮೊದಲ ದೃಶ್ಯ ನೆಲಮಾಳಿಗೆಯದಾಗಬೇಕಿಲ್ಲ. ನೋಟಿಸ್ ಬೋರ್ಡಿಗೆ ಅಂಟಿಸಿದ ಆಯ್ಕೆ ಪಟ್ಟಿಯನ್ನು ಒಬ್ಬ ಹುಡುಗಿ ಮೇಲಿಂದ ಕೆಳಗೆ ಬೆರಳಿಟ್ಟು ಓದುವುದಾದರೂ ಸಾಕು. ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿ ಊರ ನಡುವೆಯೇ ಇದೆ. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟುತ್ತಾರೆ. ಬದುಕಿದ್ದಾಗ ಅಡಗಿ ಓಡಾಡಿದವನ ಹತ್ತಿರ ಈಗ ಯಾರು ಬೇಕಾದರೂ ಹೋಗಬಹುದು. ನ್ಯೂ ಹೇವನ್ನಿನ ಗೋರಿಯಲ್ಲಿ ಯಾರನ್ನೂ ಹೂತಿಲ್ಲ, ಬಾಗಿಲಿಗೆ ಮಾತ್ರ ಬೀಗವಿದೆ.