ಟಿ.ವಿ. ಲೈಸೆನ್ಸ್: ಅಂದು ಅಂಚೆ ಕಚೇರಿ, ಇಂದು ಕೇಬಲ್ ಬಿಲ್

ಉದಕಮಂಡಲ, ಗೂಡಲೂರು, ಮಸಿನಗುಡಿ ಸದಸ್ಯರ ಗಮನಕ್ಕೆ.

ಟಿ.ವಿ. ನೋಡಲು ಈಗಲೂ ಲೈಸೆನ್ಸ್ ಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. ಹಿಂದೆ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಂತೆ ರೇಡಿಯೊ, ಟಿ.ವಿ.ಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸ್ ನವೀಕರಿಸಬೇಕಿತ್ತು, ತಪ್ಪಿದರೆ ದಂಡ. ಆ ಶುಲ್ಕ 1980ರ ದಶಕದಲ್ಲೇ ರದ್ದಾಯಿತು. ಅದರ ಹೆಸರಿನಲ್ಲಿ ಯಾರು ಕೇಳಿದರೂ ಹಣ ಕೊಡಬೇಡಿ.

ಈಗಿನ ತಕರಾರು ಕೇಬಲ್ ಹಣದ್ದು. 2019ರ ಫೆಬ್ರವರಿಯಲ್ಲಿ ಜಾರಿಯಾದ ಟ್ರಾಯ್ ನಿಯಮದಂತೆ, ಆಪರೇಟರ್ ಒದಗಿಸುವ ಪಾವತಿ ಚಾನೆಲ್‌ಗಳನ್ನು ಬಿಡಿಬಿಡಿಯಾಗಿಯೂ ಆರಿಸಿಕೊಳ್ಳಬಹುದು. ತಮಿಳು ಪ್ಯಾಕೇಜಿನಲ್ಲಿ ಕನ್ನಡ ಇಲ್ಲದಿದ್ದರೆ, ಬೇಕಾದ ಚಾನೆಲ್‌ಗಳ ಹೆಸರು ಬರೆದು ಕೊಡಿ. ಕಟ್ಟಿದ ಹಣಕ್ಕೆ ರಸೀದಿ ಪಡೆಯಿರಿ. ತಿಂಗಳ ಹಣವೇ ಬೇಡವೆನ್ನುವವರಿಗೆ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಬರುತ್ತದೆ.

– ಕಾರ್ಯದರ್ಶಿ