ಶಸ್ತ್ರಧಾರಣೆಯ ಹಕ್ಕು: ಹಲಗಲಿಯಿಂದ ಸಂವಿಧಾನ ಸಭೆಯವರೆಗೆ

ಪ್ರಜೆಗಳು ಆಯುಧಗಳನ್ನು ಇಟ್ಟುಕೊಳ್ಳುವ ಹಕ್ಕನ್ನು ಒಪ್ಪಿದ ಹಳೆಯ ರಾಜ್ಯಾಂಗ ದಾಖಲೆಗಳಲ್ಲಿ ಇಂಗ್ಲೆಂಡಿನ ೧೬೮೯ರ ಹಕ್ಕುಗಳ ಶಾಸನವು ಮುಖ್ಯವಾದುದು. ಎರಡನೆಯ ಜೇಮ್ಸ್ ದೊರೆಯು ಪ್ರೊಟೆಸ್ಟಂಟರನ್ನು ನಿರಾಯುಧರನ್ನಾಗಿಸಿದನೆಂಬ ದೂರೇ ಅದಕ್ಕೆ ಕಾರಣ. ೧೭೯೧ರಲ್ಲಿ ಅಂಗೀಕೃತವಾದ ಅಮೆರಿಕದ ಎರಡನೆಯ ತಿದ್ದುಪಡಿಯೂ ಇದೇ ಪರಂಪರೆಗೆ ಸೇರಿದುದು. ಆಯುಧವನ್ನು ಕಸಿದುಕೊಂಡಾಗಲೇ ಅದರ ಹಕ್ಕಿನ ಮಾತು ಹುಟ್ಟುತ್ತದೆ ಎಂಬುದಕ್ಕೆ ನಮ್ಮ ನಾಡಿನ ಇತಿಹಾಸವೂ ಸಾಕ್ಷಿಯಾಗಿದೆ.

ನಿಡಗುಂದಿಯಿಂದ ಕೃಷ್ಣೆಯನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಮುಧೋಳದ ಸೀಮೆ ದೊರೆಯುತ್ತದೆ. ಅಂದು ಘೋರ್ಪಡೆ ಮನೆತನದ ಆಳ್ವಿಕೆಗೆ ಒಳಪಟ್ಟಿದ್ದ ಈ ಸಂಸ್ಥಾನದಲ್ಲಿಯೇ ಹಲಗಲಿ ಗ್ರಾಮವಿದೆ. ಉತ್ತರ ಹಿಂದೂಸ್ಥಾನದ ದಂಗೆಯಿಂದ ಬೆದರಿದ ಬ್ರಿಟಿಷ್ ಸರ್ಕಾರವು ೧೮೫೭ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದು, ಪರವಾನಗಿಯಿಲ್ಲದೆ ಯಾರೂ ಆಯುಧವನ್ನಿಟ್ಟುಕೊಳ್ಳಬಾರದೆಂದು ವಿಧಿಸಿತು. ಬೇಡರಿಗೆ ಆಯುಧವು ಬೇಟೆಯ ಸಾಧನವಾಗಿದ್ದಂತೆ ಮಾನದ ಗುರುತೂ ಆಗಿದ್ದಿತು. ಜಡಗ, ಬಾಲ ಮೊದಲಾದವರ ಮುಂದಾಳುತನದಲ್ಲಿ ಅವರು ಆಜ್ಞೆಯನ್ನು ಧಿಕ್ಕರಿಸಿದರು. ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ೧೯ ಮಂದಿಯನ್ನು ಗಲ್ಲಿಗೇರಿಸಲಾಯಿತು. ಮುಂದೆ ಫ್ಲೀಟ್ ಮಹಾಶಯರು ಸಂಗ್ರಹಿಸಿದ ಲಾವಣಿಯೊಂದು ಈ ಕಥೆಯನ್ನು ಉಳಿಸಿದೆ.

೧೮೭೮ರ ಆಯುಧ ಕಾಯಿದೆಯು ಈ ನಿರ್ಬಂಧವನ್ನು ದೇಶಕ್ಕೆಲ್ಲ ಸ್ಥಿರಪಡಿಸಿತು. ಯುರೋಪಿಯನ್ನರಿಗೆ ವಿನಾಯಿತಿಯಿದ್ದಿತು. ಈ ಪಕ್ಷಪಾತವು ರಾಷ್ಟ್ರೀಯ ಕುಂದುಕೊರತೆಯಾಗಿ ಬೆಳೆಯಿತು. ೧೯೨೮ರ ನೆಹರೂ ವರದಿಯೂ ೧೯೩೧ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯವೂ ನಿಯಮಗಳಿಗೆ ಒಳಪಟ್ಟು ಆಯುಧ ಧರಿಸುವುದನ್ನು ನಾಗರಿಕನ ಹಕ್ಕೆಂದು ಸಾರಿದವು.

ಆದರೆ ಸ್ವಾತಂತ್ರ್ಯಾನಂತರ ಪ್ರಶ್ನೆಯ ಸ್ವರೂಪವೇ ಬದಲಾಯಿತು. ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಈ ಹಕ್ಕನ್ನು ಸೇರಿಸುವ ತಿದ್ದುಪಡಿಯನ್ನು ತಂದವರು ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು. ಪ್ರತಿಯೊಬ್ಬನೂ ಪೇಟೆಯಲ್ಲಿ ತಡೆಯಿಲ್ಲದೆ ಮಾರಕಾಯುಧಗಳನ್ನು ಕೊಳ್ಳುವಂತಾದರೆ ಆಡಳಿತ ನಡೆಸುವುದು ಹೇಗೆಂದು ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಸಂವಿಧಾನದ ೧೯ನೆಯ ಅನುಚ್ಛೇದವು ನಾಗರಿಕರಿಗೆ ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ನೀಡಿತು. ಆಯುಧವು ಹಕ್ಕಾಗದೆ, ೧೯೫೯ರ ಆಯುಧ ಕಾಯಿದೆಯಂತೆ ಪರವಾನಗಿಯ ವಿಷಯವಾಗಿಯೇ ಉಳಿಯಿತು.

ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಅಪವಾದವುಂಟು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿಯ ವಿನಾಯಿತಿಯನ್ನು ರಾಜ್ಯದ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಎತ್ತಿಹಿಡಿಯಿತು. ಆದರೂ ಅದು ಸರ್ಕಾರದ ಅಧಿಸೂಚನೆಯಿಂದ ದೊರೆತ ರಿಯಾಯಿತಿಯೇ ಹೊರತು ಮೂಲಭೂತ ಹಕ್ಕಲ್ಲ. ಪರಕೀಯರ ಆಜ್ಞೆಯನ್ನು ಎದುರಿಸಿ ಹಲಗಲಿಯವರು ಪ್ರಾಣ ತೆತ್ತರು. ಅದೇ ನಿರ್ಬಂಧದ ತತ್ತ್ವವನ್ನು ಸ್ವತಂತ್ರ ಭಾರತವು ತನ್ನ ಪ್ರತಿನಿಧಿಗಳ ಚರ್ಚೆಯ ಮೂಲಕ ಸ್ವೀಕರಿಸಿತು. ನಿರ್ಬಂಧ ಒಂದೇ ಆದರೂ ಅದನ್ನು ವಿಧಿಸುವ ಅಧಿಕಾರದ ಮೂಲವು ಬೇರೆಯಾಯಿತು. ಭಾರತದಲ್ಲಿ ಈ ಹಕ್ಕಿನ ಚರಿತ್ರೆಯ ತಿರುಳು ಇದೇ ಆಗಿದೆ.