ಮಕ್ಕಳ ಕೈ ಹಿಡಿದು ಲಂಡನ್‌ಗೆ: ಸಿದ್ಧೇಶ್ವರ ಜಾತ್ರೆ ಕಲಿಸಿದ ಪಾಠ

ಅಕ್ಕಲಕೋಟೆ: "ನಾ ಬರಾಕ ತಯಾರದೀನಿ. ಆದ್ರ ಈ ಸಣ್ಣ ಹುಡುಗುರನ್ನ ಕಟಗೊಂಡು ಅಷ್ಟ್ ದೂರ ಹೆಂಗ ಹೋಗೂದಪಾ?" ಲಂಡನ್‌ನಲ್ಲಿರುವ ತಮ್ಮ ಫೋನ್ ಮಾಡಿ ಎಲ್ಲರೂ ಬರ್ರಿ ಎಂದಾಗ ನಮ್ಮ ಅವ್ವ ಕೇಳಿದ ಮೊದಲ ಪ್ರಶ್ನೆ ಇದು. ಮಗಳಿಗೆ ಏಳು ವರ್ಷ, ಮಗನಿಗೆ ಎರಡೂವರೆ. ಸೊಲ್ಲಾಪುರದ ಪೇಟೆಗೆ ಹೋಗಿ ಬರುವುದರೊಳಗೇ ಇವರಿಬ್ಬರು ನಮ್ಮನ್ನು ಸುಸ್ತು ಮಾಡುತ್ತಾರೆ. ಇನ್ನು ಲಂಡನ್?

ಗಡಿಭಾಗದ ನಮ್ಮ ಊರುಗಳಲ್ಲಿ ಈ ಪ್ರಶ್ನೆ ಈಗ ಹೊಸದಲ್ಲ. ಪುಣೆ, ಬೆಂಗಳೂರು ಸೇರಿ, ಅಲ್ಲಿಂದ ವಿಲಾಯತಿಗೆ ಹಾರಿದ ಮಕ್ಕಳು ಓಣಿಗೊಬ್ಬರಂತೆ ಸಿಗುತ್ತಾರೆ. ಅವರನ್ನು ನೋಡಬೇಕೆಂಬ ಆಸೆ ಹಿರಿಯರಿಗೆ, ವಿಮಾನ ಹತ್ತಬೇಕೆಂಬ ಆಸೆ ಚಿಕ್ಕವರಿಗೆ. ನಡುವೆ ಸಿಕ್ಕವರು ನಮ್ಮಂಥವರು! ಕಳೆದ ಬೇಸಿಗೆ ರಜೆಯಲ್ಲಿ ಮೂರು ವಾರ ಹೋಗಿ ಬಂದೆವು. ಹೊರಡುವ ಮನೆಯವರಿಗೆ ಅನುಕೂಲವಾದೀತೆಂದು ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಹೆಸರು, ಮೂರು ಬರಹ

ನಮ್ಮ ಮೊದಲ ತೊಡಕು ವಿಮಾನದ್ದಲ್ಲ, ಹೆಸರಿನದು. ನಮ್ಮ ಮಕ್ಕಳ ಜನನ ದಾಖಲೆ ಮರಾಠಿಯಲ್ಲಿ, ಶಾಲೆಯ ದಾಖಲೆ ಕನ್ನಡದಲ್ಲಿ, ಪಾಸ್‌ಪೋರ್ಟ್ ಇಂಗ್ಲಿಷ್‌ನಲ್ಲಿ. ಗಡಿನಾಡಿನಲ್ಲಿ ಒಬ್ಬನೇ ಮನುಷ್ಯ ಒಂದು ಕಾಗದದಲ್ಲಿ 'ಸಿದ್ರಾಮ', ಇನ್ನೊಂದರಲ್ಲಿ 'ಸಿದ್ದರಾಮ', ಮತ್ತೊಂದರಲ್ಲಿ 'ಸಿದ್ರಾಮಪ್ಪ' ಆಗಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಪರದೇಶಕ್ಕೆ ಹೊರಟಾಗ ಮಾತ್ರ ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಕೆಲಸ ನಿಂತು ಬಿಡುತ್ತದೆ. ಮಗಳ ಜನನ ದಾಖಲೆಯಲ್ಲಿ ನನ್ನ ಹೆಸರು ಒಂದು ರೀತಿ, ನನ್ನ ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ರೀತಿ ಇತ್ತು. ಅದನ್ನು ಸರಿಪಡಿಸಲು ಒಂದು ಕಚೇರಿಗೆ ಆರು ಸಲ ತಿರುಗಿದೆ. "ಉದ್ಯಾ ಯಾ" ಎಂಬ ಮಾತು ಕೇಳಿ ಕೇಳಿ ಮಗನಿಗೂ ಬಾಯಿಪಾಠವಾಯಿತು.

ಆದ್ದರಿಂದ ಟಿಕೆಟ್ ನೋಡುವ ಮೊದಲು ಕಾಗದ ನೋಡಿರಿ. ಮಕ್ಕಳ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ಐದೇ ವರ್ಷದ ಅವಧಿ ಇರುತ್ತದೆ. ಬ್ರಿಟನ್‌ಗೆ ಹೋಗಲು ತೊಡೆಯ ಮೇಲಿನ ಕೂಸಿಗೂ ಬೇರೆಯೇ ವೀಸಾ ಬೇಕು, ಬೇರೆಯೇ ಶುಲ್ಕ ಕಟ್ಟಬೇಕು. ಐದು ವರ್ಷ ತುಂಬಿದ ಮಕ್ಕಳು ಬೆರಳಚ್ಚು ಕೊಡಬೇಕಾಗುತ್ತದೆ. ಅದಕ್ಕಿಂತ ಚಿಕ್ಕವರಿಗೆ ಫೋಟೊ ಸಾಕು. ನಾವು ಈ ಕೆಲಸಕ್ಕೆ ಪುಣೆಗೆ ಹೋಗಿದ್ದೆವು. ಇನ್ನೊಂದು ಮಾತು: ಮಗು ದೊಡ್ಡವರ ಜೊತೆ ಹೋಗುವುದಾದರೆ ಆ ದೊಡ್ಡವರು ಯಾರೆಂಬುದು ವೀಸಾದಲ್ಲೇ ಗುರುತಾಗಿರುತ್ತದೆ. ಆಮೇಲೆ "ಕಾಕಾನ ಜೋಡಿ ಕಳಿಸೂಣು" ಎಂದು ಮನಸ್ಸು ಬದಲಿಸಿದರೆ ಅಲ್ಲಿ ಇಳಿದ ಮೇಲೆ ಒಳಗೆ ಬಿಡದಿರಬಹುದು.

ಅವ್ವನ ಹೊಲದ ಸಾತ್‌ಬಾರಾ ಉತಾರೆಯನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಿ ಹಚ್ಚಿದೆವು. "ನನ್ನ ಹೊಲ ರಾಣಿ ಊರಿಗೆ ಯಾಕಪಾ?" ಎಂದು ಅವ್ವ ನಕ್ಕಳು. ತಿರುಗಿ ಊರಿಗೆ ಬರುವವರು ಎಂದು ತೋರಿಸಲಿಕ್ಕೆ, ಅಂದೆ. "ಬರದ ಏನ್ ಮಾಡ್ಲಿ, ಎಮ್ಮಿ ಯಾರ್ ನೋಡ್ತಾರ?" ಎಂದಳು.

ತುಪ್ಪ ಬೇಡ, ಶೇಂಗಾ ಹಿಂಡಿ ಇರಲಿ

ಮೊಮ್ಮಕ್ಕಳಿಗೂ ಮಗನಿಗೂ ಎಂದು ಅವ್ವ ಎರಡು ಕಿಲೊ ತುಪ್ಪ ಕಾಸಿ ಇಟ್ಟಿದ್ದಳು. ತಮ್ಮ ಫೋನಿನಲ್ಲೇ ತಡೆದ. ನಮ್ಮ ದೇಶದಿಂದ ಬ್ರಿಟನ್‌ಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪ, ಪೇಢೆ, ಖವಾ ಯಾವುದೂ ನಡೆಯದು. ಕೂಸಿನ ಹಾಲಿನ ಪುಡಿ, ಕೂಸಿನ ಆಹಾರಕ್ಕೆ ಮಾತ್ರ ಮಿತಿಯೊಳಗೆ ಅವಕಾಶವಿದೆ. ಸಿಕ್ಕರೆ ಅಲ್ಲೇ ಕಸಿದು ಎಸೆಯುತ್ತಾರೆ. ಅವ್ವನಿಗೆ ಬೇಸರವಾಯಿತು. ಕಡೆಗೆ ನಮ್ಮ ಸೊಲ್ಲಾಪುರದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೆವು. ಮೂರು ವಾರ ಮಕ್ಕಳ ಹೊಟ್ಟೆ ಕಾಯ್ದದ್ದು ಅದೇ.

ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕಳೆದು ಮುಂಬೈ, ಅಲ್ಲಿಂದ ಸುಮಾರು ಹತ್ತು ತಾಸಿನ ವಿಮಾನ. ಎರಡು ವರ್ಷದೊಳಗಿನ ಕೂಸಿಗಾದರೆ ತೊಡೆಯೇ ಸೀಟು. ನಮ್ಮವನಿಗೆ ಎರಡು ದಾಟಿದ್ದರಿಂದ ಬೇರೆ ಟಿಕೆಟ್ ಬೇಕಾಯಿತು. ವಿಮಾನ ಏರುವಾಗ, ಇಳಿಯುವಾಗ ಮಕ್ಕಳಿಗೆ ಕಿವಿ ನೋಯುತ್ತದೆ. ಆಗ ಬಾಯಲ್ಲಿ ಏನಾದರೂ ಚೀಪಲು ಕೊಟ್ಟರೆ ನೋವು ಕಡಿಮೆ. ಹೀಥ್ರೊ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಮಗಳನ್ನೇ ನೋಡಿ, ಇವರು ಯಾರು ಎಂದು ಕೇಳಿದರು. ಪರದೇಶಕ್ಕೆ ಮಕ್ಕಳನ್ನು ಕದ್ದು ಸಾಗಿಸುವವರಿರುವುದರಿಂದ ಹಾಗೆ ಕೇಳುತ್ತಾರಂತೆ. ಅವಳು ಹೆದರಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವರು ನಕ್ಕು ಮುದ್ರೆ ಒತ್ತಿದರು!

ರಾತ್ರಿ ಎರಡಕ್ಕೆ ಬೆಳಗು

ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಮಕ್ಕಳ ಹೊಟ್ಟೆಗೆ ಇದು ತಿಳಿಯಬೇಕಲ್ಲ? ಮೊದಲ ಮೂರು ದಿನ ರಾತ್ರಿ ಎರಡಕ್ಕೆ ಎದ್ದು "ಚಾ ಬ್ರೆಡ್" ಎಂದು ಕೂತರು. ನಮ್ಮೂರಲ್ಲಿ ಆಗ ಬೆಳಗಿನ ಆರೂವರೆ! ಇನ್ನು ಮಲಗಿಸುವ ಹೊತ್ತಿನ ಕಥೆಯೇ ಬೇರೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಗಂಟೆಯ ಮೇಲೆ. "ಇನ್ನಾ ಬಿಸಲದ, ಈಗ ಯಾಕ ಮಲಗೂದು?" ಎಂದು ಮಗಳು ವಾದಿಸಿದರೆ ಉತ್ತರವಿರಲಿಲ್ಲ. ದಪ್ಪ ಚಾದರ ಒಂದನ್ನು ಕಿಟಕಿಗೆ ಕಟ್ಟಿದ ಮೇಲೆ ಮನೆಯಲ್ಲಿ ಕತ್ತಲಾಯಿತು. ಸೊಲ್ಲಾಪುರದ ಚಾದರ ಹೊದೆಯುವುದಕ್ಕಷ್ಟೇ ಅಲ್ಲ ಎಂಬುದು ಅಂದು ಗೊತ್ತಾಯಿತು. ಮೊದಲ ಎರಡು ದಿನ ದೊಡ್ಡ ತಿರುಗಾಟ ಇಟ್ಟುಕೊಳ್ಳದಿರುವುದು ಮೇಲು.

ಪುಕ್ಕಟೆ ಏನು, ಕಷ್ಟ ಏನು

ಲಂಡನ್ ತುಟ್ಟಿ ಊರು. ಆದರೆ ಮಕ್ಕಳ ಮಟ್ಟಿಗೆ ಕೈ ಬಿಚ್ಚಿ ಕೊಡುವ ಊರೂ ಹೌದು. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಬಸ್ ಪುಕ್ಕಟೆ. ನೆಲದಡಿಯ ರೈಲಿನಲ್ಲಿ ಟಿಕೆಟ್ ಇದ್ದ ಒಬ್ಬ ದೊಡ್ಡವರ ಜೊತೆ ನಾಲ್ಕು ಮಕ್ಕಳವರೆಗೆ ಪುಕ್ಕಟೆ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದು 2014ರಲ್ಲೇ ನಿಂತಿದೆ. ಕಾರ್ಡ್ ತೋರಿಸಿ ಹತ್ತಬೇಕು. 1881ರಲ್ಲಿ ತೆರೆದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಪಕ್ಕದ ಸೈನ್ಸ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ ಇವೆಲ್ಲ ಒಳಗೆ ಹೋಗಲು ಹಣ ಕೇಳುವುದಿಲ್ಲ. ರಜೆಯ ದಿನ ಸಾಲು ಉದ್ದ ಇರುತ್ತದೆ; ಪುಕ್ಕಟೆ ಚೀಟಿಯನ್ನು ಮೊದಲೇ ಕಾಯ್ದಿರಿಸಿದರೆ ಚೆನ್ನ.

ಕಷ್ಟವೆಂದರೆ ಮೆಟ್ಟಿಲು. 1863ರಲ್ಲಿ ಶುರುವಾದ, ಜಗತ್ತಿನ ಮೊದಲ ನೆಲದಡಿಯ ರೈಲು ಅದು. ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತದೆ ಹೋಗಿ ಬರಬಹುದಾದ ನಿಲ್ದಾಣಗಳು ಮೂರರಲ್ಲಿ ಒಂದು ಮಾತ್ರ. ಕೂಸಿನ ಗಾಡಿ ಒಂದು ಕೈಯಲ್ಲಿ, ಕೂಸು ಇನ್ನೊಂದು ಕೈಯಲ್ಲಿ, ಹಿಂದೆ ಮಂಡಿನೋವಿನ ಅವ್ವ! ಹಗುರಾಗಿ ಮಡಚುವ ಗಾಡಿ ಇದ್ದರೆ ಮಾತ್ರ ಒಯ್ಯಿರಿ. ಬಸ್ಸಿನಲ್ಲಿ ಗಾಡಿಗೆ ಜಾಗವಿದೆ. ಗಾಲಿಕುರ್ಚಿಯವರು ಬಂದರೆ ಮಾತ್ರ ಅದು ಅವರದು, ನಾವು ಮಡಚಿಕೊಳ್ಳಬೇಕು.

ಮ್ಯೂಸಿಯಂನಲ್ಲಿ ತಲೆಯ ಮೇಲೆ ತೂಗುವ ನೀಲಿ ತಿಮಿಂಗಿಲದ ಅಸ್ಥಿಪಂಜರ 25 ಮೀಟರ್ ಉದ್ದ. 2017ರಿಂದ ಅದು ಅಲ್ಲಿ ತೂಗುತ್ತಿದೆ. ಮಗಳು ಬಾಯಿ ತೆರೆದು ನಿಂತಳು. ಒಳಗಿನ ಕೋಣೆಯಲ್ಲಿ ಗರ್ಜಿಸುವ ಯಂತ್ರದ ಡೈನೊಸಾರ್ ಕಂಡು ಮಗ ಅಳುವುದನ್ನು ನಿಲ್ಲಿಸಲೇ ಇಲ್ಲ. ಹೊರಗೆ ತಂದು ರೊಟ್ಟಿ ಕೊಡಬೇಕಾಯಿತು. ಅವನಿಗೆ ಬಹಳ ಸೇರಿದ್ದು ಸೇಂಟ್ ಜೇಮ್ಸ್ ಪಾರ್ಕಿನ ಪೆಲಿಕನ್ ಹಕ್ಕಿಗಳು. 1664ರಲ್ಲಿ ರಷ್ಯಾದ ರಾಯಭಾರಿ ಕಾಣಿಕೆ ಕೊಟ್ಟ ಕಾಲದಿಂದ ಅಲ್ಲಿ ಪೆಲಿಕನ್‌ಗಳಿವೆ. ಮಗಳ ದೊಡ್ಡ ಬೆರಗು ಬೇರೆಯೇ: ಪಟ್ಟೆ ಎಳೆದ ಜಾಗದಲ್ಲಿ ಕಾಲಿಟ್ಟರೆ ಸಾಕು, ಕಾರು ತಾನಾಗಿ ನಿಲ್ಲುತ್ತದೆ! ಮೂರು ಸಲ ಸುಮ್ಮನೆ ದಾಟಿ ನೋಡಿದಳು.

ಬಾಗಿಲು ಮುಚ್ಚಿದಾಗ

ಈಗ ಹೇಳಬೇಕಾದ ಮುಖ್ಯ ಸಂಗತಿ. ಆ ಮ್ಯೂಸಿಯಂನಿಂದ ತಿರುಗಿ ಬರುವಾಗ ಸಂಜೆ ಐದೂವರೆ. ಸೌತ್ ಕೆನ್ಸಿಂಗ್ಟನ್ ನಿಲ್ದಾಣದಲ್ಲಿ ಕಚೇರಿ ಬಿಟ್ಟವರ ಗದ್ದಲ. ನನ್ನ ಕೈಯಲ್ಲಿ ಗಾಡಿ, ಮನೆಯವಳ ಕಂಕುಳಲ್ಲಿ ಮಗ, ಅವ್ವನ ಕೈಯಲ್ಲಿ ಮಗಳು. ರೈಲು ಬಂತು. ಜಾಗ ಹಿಡಿಯುವ ನಮ್ಮೂರ ಬಸ್ಸಿನ ಚಟ! ಮಗಳು ಅಜ್ಜಿಯ ಕೈ ಬಿಡಿಸಿಕೊಂಡು ಒಳಗೆ ನುಗ್ಗಿದಳು. ಕೀಂ ಕೀಂ ಸದ್ದಾಯಿತು. ಬಾಗಿಲು ಮುಚ್ಚಿತು. ಗಾಜಿನಾಚೆ ಅವಳ ಮುಖ ಕಂಡಿತು, ರೈಲು ಹೋಯಿತು.

ಮನೆಯವಳು ಚೀರಿದಳು. ನನ್ನ ಕೈಕಾಲು ತಣ್ಣಗಾದವು. ಹುಡುಗಿಗೆ ಬರುವುದು ಕನ್ನಡ, ಮರಾಠಿ ಎರಡೇ. ಸಮವಸ್ತ್ರದ ಸಿಬ್ಬಂದಿಯೊಬ್ಬರು ಓಡಿ ಬಂದರು. ನನ್ನ ಹರಕು ಇಂಗ್ಲಿಷ್ ಕೇಳಿ, ಅಂಗಿಯ ಬಣ್ಣ ಕೇಳಿ, ಮುಂದಿನ ನಿಲ್ದಾಣಕ್ಕೆ ತಿಳಿಸಿದರು. ಮುಂದಿನ ರೈಲಿಗೆ ಹತ್ತಿ ಎಂದರು. ಎರಡು ಮೂರು ನಿಮಿಷದ ಆ ಕಾಯುವಿಕೆ ಎಷ್ಟು ಉದ್ದ ಇತ್ತೆಂದು ಹೇಳಲಾರೆ.

ಅವ್ವ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: "ನಾ ಆಕಿಗ್ ಹೇಳೀನಿ. ಆಕಿ ನಿಂದರ್ತಾಳ."

ಏನು ಹೇಳಿದ್ದಳು? ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗೆ ಸಂಕ್ರಾಂತಿಗೆ ಹೋಗದ ಮನೆ ನಮ್ಮ ಕಡೆ ಕಡಿಮೆ. ಏಳು ನಂದಿಧ್ವಜಗಳ ಮೆರವಣಿಗೆ, ಲಕ್ಷಗಟ್ಟಲೆ ಮಂದಿ. ಗಡ್ಡಾ ಜಾತ್ರೆಯ ಆ ಗದ್ದಲಕ್ಕೆ ಹೋಗುವಾಗ ಪ್ರತಿ ಸಲ ಅವ್ವ ನಮಗೆ ಹೇಳುತ್ತಿದ್ದ ಮಾತು, ಈಗ ಮೊಮ್ಮಕ್ಕಳಿಗೆ ಹೇಳುವ ಮಾತು ಒಂದೇ: "ಕೈ ತಪ್ಪಿದ್ರ ಹುಡುಕ್ಯಾಡಕ ಹೋಗಬ್ಯಾಡ. ನಿಂತ ಜಾಗಾ ಬಿಡಬ್ಯಾಡ. ನಾವ ಬರ್ತೀವಿ." ಹಿಂದಿನ ರಾತ್ರಿ ತಮ್ಮ ಅದಕ್ಕೆ ಒಂದು ಸಾಲು ಸೇರಿಸಿದ್ದ: ರೈಲಿನೊಳಗೆ ಒಬ್ಬಳೇ ಉಳಿದರೆ ಮುಂದಿನ ನಿಲ್ದಾಣದಲ್ಲಿ ಇಳಿ, ಇಳಿದಲ್ಲೇ ನಿಲ್ಲು. ಅವಳ ಕೈಗೆ ಅವನ ಫೋನ್ ನಂಬರ್ ಬರೆದ ಪಟ್ಟಿಯನ್ನೂ ಕಟ್ಟಿದ್ದ.

ಗ್ಲೌಸ್ಟರ್ ರೋಡ್ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಪಕ್ಕದಲ್ಲಿ ನಿಲ್ದಾಣದ ಒಬ್ಬ ಹೆಣ್ಣುಮಗಳು ಮಂಡಿಯೂರಿ ಕೂತಿದ್ದರು. ನನ್ನ ಕಂಡ ಕೂಡಲೇ ಮಗಳು ಅಂದದ್ದು: "ಅಪ್ಪಾ, ನಾ ಜಾಗಾ ಬಿಟ್ಟಿಲ್ಲ." ಆಮೇಲೆ ಅಳು ಒಡೆಯಿತು. ಅವಳದ್ದಷ್ಟೇ ಅಲ್ಲ.

ಆ ರಾತ್ರಿ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಮರುದಿನದಿಂದ ಕ್ರಮ ಬದಲಾಯಿತು: ಮೊದಲು ಒಬ್ಬ ದೊಡ್ಡವರು, ನಡುವೆ ಮಕ್ಕಳು, ಕೊನೆಗೆ ಇನ್ನೊಬ್ಬ ದೊಡ್ಡವರು. ಸಂಜೆ ನಾಲ್ಕೂವರೆಯಿಂದ ಏಳರವರೆಗೆ ನೆಲದಡಿಯ ರೈಲು ಬೇಡ. ಬಸ್ಸಿನ ಮೇಲಿನ ಮಹಡಿ ಸಾಕು. ಊರೂ ಕಾಣುತ್ತದೆ.

ಥೇಮ್ಸ್ ದಂಡೆಯ ಬಸವಣ್ಣ

ಹೊರಡುವ ಎರಡು ದಿನ ಮೊದಲು ಅವ್ವನ ಆಸೆಯಂತೆ ವಾಕ್ಸ್‌ಹಾಲ್ ಹತ್ತಿರದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋದೆವು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ ಅವರ ಪ್ರಯತ್ನದಿಂದ ಅಲ್ಲಿ ಬಸವಣ್ಣನವರ ಪ್ರತಿಮೆ ನಿಂತಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದರು. ನಮ್ಮಲ್ಲಿ ಅದು ಮಕ್ಕಳ ದಿನ.

ಮಂಗಳವೇಢೆ ನಮ್ಮ ಜಿಲ್ಲೆಯದೇ, ಸಿದ್ಧರಾಮನ ಸೊಲ್ಲಾಪುರವೂ ನಮ್ಮದೇ. ಹೀಗಾಗಿ ಅವ್ವನಿಗೆ ಅದು ಪರವೂರೆನಿಸಲಿಲ್ಲ. ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಮೊಮ್ಮಕ್ಕಳ ಹಣೆಗೆ ಹಚ್ಚಿದಳು. ಮಗಳು ಪ್ರತಿಮೆ ನೋಡಿ, "ಆಯಿ, ಇಂವಾ ಇಲ್ಲಿ ಒಬ್ಬವನ ನಿಂತಾನಲ್ಲ, ಕಳಕೊಂಡಾನೇನು?" ಎಂದು ಕೇಳಿದಳು. "ಇಲ್ಲವಾ, ಜಾಗಾ ಬಿಟ್ಟಿಲ್ಲ ನೋಡು" ಎಂದಳು ಅವ್ವ.

ಹೋಗುವವರಿಗೆ ನಾಲ್ಕು ಮಾತು

* ಪ್ರವಾಸ ವಿಮೆ ಇಲ್ಲದೆ ಮಕ್ಕಳನ್ನು ಕರೆದೊಯ್ಯಬೇಡಿ. ಸರಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನೋಡುವುದು ಪುಕ್ಕಟೆಯಾದರೂ, ಒಳಗೆ ಸೇರಿಸಿಕೊಂಡರೆ ಪ್ರವಾಸಿಗರಿಗೆ ದೊಡ್ಡ ಬಿಲ್ ಬರುತ್ತದೆ.

* ತುರ್ತಿಗೆ 999, ಜ್ವರ ಕೆಮ್ಮಿನ ಸಲಹೆಗೆ 111 ನಂಬರ್. ಮಗನಿಗೆ ಎರಡು ದಿನ ಜ್ವರ ಬಂದಾಗ ನಾವು 111ಕ್ಕೇ ಮಾತನಾಡಿದೆವು.

* ಮಕ್ಕಳ ಜನನ ದಾಖಲೆಯ ಪ್ರತಿ ಕೈಚೀಲದಲ್ಲೇ ಇರಲಿ. ಬೇಸಿಗೆಯೆಂದು ನಂಬಿ ಸ್ವೆಟರ್, ಕೊಡೆ ಬಿಟ್ಟು ಹೋಗಬೇಡಿ. ಶೌಚಾಲಯದಲ್ಲಿ ನೀರಿರುವುದಿಲ್ಲ, ಒಂದು ಬಾಟಲಿ ಜೊತೆಗಿರಲಿ.

* ದಿನಕ್ಕೊಂದೇ ಜಾಗ ನೋಡಿರಿ. ಕೈ ತಪ್ಪಿದರೆ ಏನು ಮಾಡಬೇಕೆಂದು ಮಗುವಿಗೆ ಅದರ ಮಾತಿನಲ್ಲೇ, ಪ್ರತಿದಿನ ಬೆಳಿಗ್ಗೆ ಹೇಳಿರಿ. ಅದಕ್ಕೆ ಲಂಡನ್‌ವರೆಗೂ ಹೋಗಬೇಕಿಲ್ಲ, ಮುಂದಿನ ಸಂಕ್ರಾಂತಿಯ ಜಾತ್ರೆಗೇ ಶುರು ಮಾಡಬಹುದು.